ಅನ್ನಕ್ಕೆ ಹಾಕಿದ ಬೀಗ

ಗಿರಣಿಯ ಬಟ್ಟೆಯ ಮೇಲೆ ಮಾಲೀಕನ ಮುದ್ರೆ ಇರುತ್ತದೆ, ನೇಯ್ದವನ ಹೆಸರಿರುವುದಿಲ್ಲ. ಸಿನಿಮಾದಲ್ಲಿಯೂ ಹಾಗೆಯೇ. ನಾಯಕನ ಹೆಸರು ಎಲ್ಲರ ಬಾಯಲ್ಲಿರುತ್ತದೆ. ಚಿಕ್ಕಪ್ಪನಾಗಿ, ಸಾಹುಕಾರನಾಗಿ, ಅಮಲ್ದಾರನಾಗಿ ಬಂದು ಕಥೆಯನ್ನು ಹೊತ್ತು ನಡೆಸುವ ಪೋಷಕ ನಟನ ಮುಖ ಮಾತ್ರ ಜನಕ್ಕೆ ಪರಿಚಯ. ಅಂಥ ಒಬ್ಬರ ಬಾಳು ದುಡಿಯುವ ಜನ ತಿಳಿಯಬೇಕಾದದ್ದು.

ಜೆ. ಎಡ್ವರ್ಡ್ ಬ್ರೊಂಬರ್ಗ್ 1903ರಲ್ಲಿ ಆಗಿನ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ಟೆಮೆಶ್ವಾರ್ ಪಟ್ಟಣದಲ್ಲಿ, ಯೆಹೂದಿ ಮನೆತನದಲ್ಲಿ ಹುಟ್ಟಿದರು. ಆ ಊರು ಇಂದು ರುಮೇನಿಯಾದಲ್ಲಿದೆ. ಎಳೆಯ ಕೂಸಾಗಿರುವಾಗಲೇ ಅಮೆರಿಕಾ ಸೇರಿದರು. ನಟನೆ ಕಲಿಯಲು ಹಣ ಬೇಕಲ್ಲ! ರೇಷ್ಮೆ ಮಾರಿದರು, ಮಿಠಾಯಿ ಮಾಡಿದರು, ಲಾಂಡ್ರಿಯಲ್ಲಿ ದುಡಿದರು. 1931ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಗ್ರೂಪ್ ಥಿಯೇಟರ್ ಎಂಬ ನಾಟಕ ತಂಡದಲ್ಲಿ ಹೆಸರು ಗಳಿಸಿದರು. 1935ರಲ್ಲಿ ಕ್ಲಿಫರ್ಡ್ ಓಡೆಟ್ಸ್ ಅವರ ‘ಅವೇಕ್ ಅಂಡ್ ಸಿಂಗ್’ ನಾಟಕದಲ್ಲಿ ಅವರದು ಬಟ್ಟೆ ಕಾರ್ಖಾನೆಯ ಯಜಮಾನನ ಪಾತ್ರ. 1936ರಿಂದ ಹಾಲಿವುಡ್ಡಿನಲ್ಲಿ ಹತ್ತಾರು ಚಿತ್ರಗಳು. 1940ರ ‘ದಿ ಮಾರ್ಕ್ ಆಫ್ ಝೋರೊ’ದಲ್ಲಿ ಪ್ರಜೆಗಳನ್ನು ಸುಲಿಯುವ ಅಧಿಕಾರಿ.

1950ರಲ್ಲಿ ‘ರೆಡ್ ಚಾನೆಲ್ಸ್’ ಎಂಬ ಪುಸ್ತಿಕೆ ಹೊರಬಂತು. ಕಮ್ಯುನಿಸ್ಟರೊಡನೆ ನಂಟಿದೆಯೆಂದು 151 ಕಲಾವಿದರು, ಬರಹಗಾರರ ಹೆಸರುಗಳು ಅದರಲ್ಲಿ ಅಚ್ಚಾದವು. ಕೋರ್ಟಿಲ್ಲ, ತೀರ್ಪಿಲ್ಲ, ಹೆಸರು ಬಿದ್ದರೆ ಕೆಲಸ ಹೋಯಿತು. ಬ್ರೊಂಬರ್ಗ್ ಹೆಸರೂ ಅಲ್ಲಿತ್ತು. 1951ರ ಜೂನಿನಲ್ಲಿ, ಹೃದಯರೋಗದಿಂದ ನರಳುತ್ತಿದ್ದ ಆ ಮನುಷ್ಯನನ್ನು ಅಮೆರಿಕಾ ಶಾಸನಸಭೆಯ ಕೆಳಮನೆಯ ಸಮಿತಿ ಕರೆಸಿ ಪ್ರಶ್ನಿಸಿತು. ತನ್ನ ಮೇಲೆ ತಾನೇ ಸಾಕ್ಷಿ ಹೇಳಬೇಕಾಗಿಲ್ಲವೆಂಬ ಸಂವಿಧಾನದ ಹಕ್ಕನ್ನು ಮುಂದಿಟ್ಟು ಅವರು ಉತ್ತರ ಕೊಡಲಿಲ್ಲ. ಸಂಗಡಿಗರ ಹೆಸರು ಹೇಳಲಿಲ್ಲ. ಕೆಲಸಕ್ಕಾಗಿ ಲಂಡನ್ನಿಗೆ ಹೋದರು. ಅಲ್ಲಿ ಒಪ್ಪಿಕೊಂಡ ನಾಟಕವೂ ಇದೇ ಸಮಿತಿಗೆ ಉತ್ತರ ಕೊಡದೆ ಸೆರೆಮನೆ ಕಂಡ ಡಾಲ್ಟನ್ ಟ್ರಂಬೊ ಬರೆದದ್ದು. ಡಿಸೆಂಬರ್ 6ರಂದು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 47.

ಶೋಕಸಭೆಯಲ್ಲಿ ಓಡೆಟ್ಸ್ ಅವರ ಗುಣಗಾನ ಮಾಡಿದರು. ಅದೇ ಓಡೆಟ್ಸ್ 1952ರ ಮೇ ತಿಂಗಳಲ್ಲಿ ಅದೇ ಸಮಿತಿಯ ಮುಂದೆ ನಿಂತು, ತನ್ನನ್ನು ಕಮ್ಯುನಿಸ್ಟ್ ಪಕ್ಷಕ್ಕೆ ಸೇರಿಸಿದವರು ಬ್ರೊಂಬರ್ಗ್ ಎಂದರು! ಭಯವು ಮನುಷ್ಯನನ್ನು ಎಲ್ಲಿಗೆ ಇಳಿಸುತ್ತದೆ ನೋಡಿ.

ಕಮ್ಯುನಿಸ್ಟರೊಡನೆ ನಮಗೆ ತಕರಾರಿದೆ, ಅದನ್ನು ಮುಚ್ಚಿಟ್ಟಿಲ್ಲ. ಮಹಾನ್ ಯೆಹೂದಿ ನಟ ಸೊಲೊಮನ್ ಮಿಖೊಯೆಲ್ಸ್ ಅವರನ್ನು 1948ರಲ್ಲಿ ಸ್ಟಾಲಿನ್ನನ ಪೊಲೀಸರೇ ಕೊಂದು ಅಪಘಾತವೆಂದು ಸಾರಿದ್ದನ್ನೂ ಮರೆತಿಲ್ಲ. ಆದರೆ ವಾದಕ್ಕೆ ವಾದವೇ ಉತ್ತರ. ಗುಂಡೂ ಉತ್ತರವಲ್ಲ, ಅನ್ನಕ್ಕೆ ಹಾಕುವ ಬೀಗವೂ ಅಲ್ಲ. ತಲೆಯಲ್ಲಿರುವ ವಿಚಾರಕ್ಕಾಗಿ ಹೊಟ್ಟೆಗೆ ಹೊಡೆಯುವ ರಾಜ್ಯ ಎಷ್ಟು ಬಾರಿ ಚುನಾವಣೆ ನಡೆಸಿದರೇನು, ಅಲ್ಲಿ ಸ್ವಾತಂತ್ರ್ಯ ಅರ್ಧ ಸತ್ತಿರುತ್ತದೆ.

ಆ ಸಮಿತಿಯನ್ನು 1975ರಲ್ಲಿ ರದ್ದುಮಾಡಿದರು. ಪಟ್ಟಿ ಬರೆಯುವ ಚಾಳಿ ಮಾತ್ರ ಎಲ್ಲಿಯೂ ರದ್ದಾಗಿಲ್ಲ. ಗಿರಣಿಯ ಗೇಟಿನಲ್ಲಿ ತಡೆಯಲ್ಪಟ್ಟವನಿಗೂ, ಸಭೆಗೆ ಹೋದ ತಪ್ಪಿಗೆ ಸಾಲದ ಸರಕು ನಿಂತುಹೋದ ಅಂಗಡಿಯವನಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. “ನಿನ್ನೊಡನೆ ಇನ್ನು ಯಾರ್ಯಾರಿದ್ದರು?” ಎಂದು ಮೇಲಿನವರು ಕೇಳುವ ದಿನ ಬಂದೀತು. ಬಂಧುಗಳೇ, ಅಂದು ಆ ನಟನ ಮೌನ ನಮಗೆ ನೆನಪಿರಲಿ.