ವಾಣಿಜ್ಯ ಪದವೀಧರರಿಗೂ ವೈದ್ಯಕೀಯದ ಬಾಗಿಲು

ಹತ್ತನೆಯ ತರಗತಿಯ ಫಲಿತಾಂಶ ಹೊರಬೀಳುತ್ತಿದ್ದಂತೆಯೇ ಹೈದರಾಬಾದಿನ ಮನೆಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಎಂ.ಪಿ.ಸಿ.ಯೋ, ಬೈ.ಪಿ.ಸಿ.ಯೋ, ಸಿ.ಇ.ಸಿ.ಯೋ? ಮೂರು ನಾಲ್ಕು ಅಕ್ಷರಗಳ ಈ ಆಯ್ಕೆಯನ್ನು ಹದಿನೈದು ಹದಿನಾರರ ಮಕ್ಕಳು ಮಾಡಬೇಕು. ಅನೇಕ ಮನೆಗಳಲ್ಲಿ ಅವರ ಪರವಾಗಿ ಹಿರಿಯರೇ ಮಾಡಿಬಿಡುತ್ತಾರೆ. ಬೀದರ, ಕಲಬುರಗಿ, ರಾಯಚೂರುಗಳಿಂದ ಉದ್ಯೋಗವನ್ನರಸಿ ಬಂದ ಕುಟುಂಬಗಳಲ್ಲಿ ಈ ನಿರ್ಧಾರಕ್ಕೆ ಹಣದ ಅಡಚಣೆಯೂ ಸೇರಿಕೊಳ್ಳುತ್ತದೆ. ಮಗನಿಗೆ ಕೋಚಿಂಗು, ಮಗಳಿಗೆ ಮನೆಯ ಸಮೀಪದ ಕಾಲೇಜಿನಲ್ಲಿ ವಾಣಿಜ್ಯ ಶಾಸ್ತ್ರ ಎಂಬ ಹಂಚಿಕೆ ಇಂದಿಗೂ ಅಪರೂಪವಲ್ಲ.

ಬಿ.ಎ. ಅಥವಾ ಬಿ.ಕಾಂ. ಮುಗಿಸಿದ ಮೇಲೆ, ಕಾಯಿಲೆಯ ಹಿರಿಯರೊಬ್ಬರನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಕರೆದೊಯ್ದ ಅನುಭವದಿಂದಲೋ, ಬುದ್ಧಿ ಬಲಿತ ಕಾರಣದಿಂದಲೋ, ಕೆಲವರಲ್ಲಿ ವೈದ್ಯರಾಗಬೇಕೆಂಬ ಹಂಬಲ ಮೂಡುತ್ತದೆ. ಆಗ ನೆಂಟರಿಷ್ಟರಿಂದ ಕೇಳಿಬರುವ ಉತ್ತರ ಒಂದೇ: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಗಾದೆ ಹಳೆಯದು, ಆದರೆ ಕಾನೂನು ಬದಲಾಗಿದೆ ಎಂಬುದು ಅನೇಕರಿಗೆ ತಿಳಿಯದು.

ಹಿಂದೆ ವೈದ್ಯಕೀಯ ಪ್ರವೇಶ ಪರೀಕ್ಷೆಗೆ 25 ವರ್ಷಗಳ ಗರಿಷ್ಠ ವಯೋಮಿತಿ ವಿಧಿಸಲ್ಪಟ್ಟಿತ್ತು. ಮೀಸಲು ವರ್ಗಗಳಿಗೆ ಅದು 30 ಆಗಿತ್ತು. 2022ರ ಮಾರ್ಚಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಈ ಮಿತಿಯನ್ನು ತೆಗೆದುಹಾಕಿತು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಎರಡು ವರ್ಷ ಕಾಲೇಜಿನಲ್ಲಿ ಕ್ರಮವಾಗಿ ಓದಿರಬೇಕೆಂಬುದು ಎರಡನೆಯ ಅಡ್ಡಿಯಾಗಿತ್ತು. 2023ರ ನವೆಂಬರಿನಲ್ಲಿ ಅದೇ ಆಯೋಗವು, ಹನ್ನೆರಡನೆಯ ತರಗತಿ ಮುಗಿದ ಬಳಿಕ ಮಾನ್ಯತೆ ಪಡೆದ ಮಂಡಳಿಯ ಮೂಲಕ ಈ ವಿಷಯಗಳನ್ನು ಹೆಚ್ಚುವರಿಯಾಗಿ ತೇರ್ಗಡೆಯಾದವರೂ ಅರ್ಹರೆಂದು ಪ್ರಕಟಿಸಿತು. ಹನ್ನೆರಡನೆಯ ತರಗತಿ ಮುಗಿಸಿದವರು ಬೇಕಾದ ವಿಷಯಗಳನ್ನಷ್ಟೇ ತೆಗೆದುಕೊಂಡು ಬರೆಯುವ ಅನುಕೂಲ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿದೆ. ದಂತವೈದ್ಯ ಶಿಕ್ಷಣದ ನಿಯಂತ್ರಣ ಬೇರೆ ಸಂಸ್ಥೆಯದಾದ್ದರಿಂದ, ಬಿ.ಡಿ.ಎಸ್. ಬಯಸುವವರು ಆಯಾ ವರ್ಷದ ನಿಯಮಗಳನ್ನು ಪ್ರತ್ಯೇಕವಾಗಿ ಓದಿಕೊಳ್ಳಬೇಕು.

ಕಲೆ ಸಾಹಿತ್ಯಗಳತ್ತ ಒಲಿದ ಮನಸ್ಸು ವೈದ್ಯಕೀಯಕ್ಕೆ ಒಗ್ಗದೆಂಬ ಮಾತಿನಲ್ಲಿ ಹುರುಳಿಲ್ಲ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದೊಳಗೆ ಮಲೇರಿಯಾ ರೋಗಾಣುವನ್ನು ಕಂಡ ರೊನಾಲ್ಡ್ ರಾಸ್, ಯೌವನದಲ್ಲಿ ಬಯಸಿದ್ದು ಬರಹಗಾರನಾಗಲು. ತಂದೆಯ ಒತ್ತಾಯದಿಂದ ವೈದ್ಯಕೀಯ ಶಾಲೆ ಸೇರಿದವರು ಅವರು. 1942ರಲ್ಲಿ ‘ಕೊರವಂಜಿ’ಯನ್ನು ಆರಂಭಿಸಿ ಕನ್ನಡಿಗರನ್ನು ನಗಿಸಿದ ರಾಶಿಯವರು ವೃತ್ತಿಯಿಂದ ವೈದ್ಯರು. ಕಾದಂಬರಿಕಾರ್ತಿ ಅನುಪಮಾ ನಿರಂಜನರೂ ವೈದ್ಯೆಯೇ. ಅಮೆರಿಕದಲ್ಲಿ ಯಾವುದೇ ವಿಷಯದ ಪದವೀಧರರು, ನಿಗದಿತ ವಿಜ್ಞಾನ ಪಾಠಗಳನ್ನು ಮುಗಿಸಿದ್ದರೆ, ವೈದ್ಯ ಶಿಕ್ಷಣಕ್ಕೆ ಅರ್ಜಿ ಹಾಕಬಹುದು. ರೋಗಿಯ ಮಾತನ್ನು ತಾಳ್ಮೆಯಿಂದ ಕೇಳುವ ಗುಣ ಇತಿಹಾಸ ಓದಿದವನಿಗೂ ಇರಬಹುದು, ಲೆಕ್ಕಪತ್ರ ಓದಿದವಳಿಗೂ ಇರಬಹುದು.

ಆದರೆ ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ದಾರಿ ಸುಗಮವಾಗಿದೆ ಎಂದಲ್ಲ. ಪ್ರವೇಶದಲ್ಲಿ ಪದವಿಗೆ ಒಂದು ಅಂಕವೂ ದೊರೆಯದು. ನೀಟ್ ಪರೀಕ್ಷೆಯ 720 ಅಂಕಗಳಲ್ಲಿ 360 ಜೀವಶಾಸ್ತ್ರಕ್ಕೆ, ಭೌತ ಮತ್ತು ರಸಾಯನಶಾಸ್ತ್ರಗಳಿಗೆ ತಲಾ 180 ಮೀಸಲು. ಇದಕ್ಕೆ ಮೊದಲು ಮೂರೂ ವಿಷಯಗಳಲ್ಲಿ ಪ್ರಯೋಗ ಪರೀಕ್ಷೆಯೂ ಸೇರಿದಂತೆ ತೇರ್ಗಡೆಯಾಗಬೇಕು. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಅಧಿಕ. ಅವರಲ್ಲಿ ಬಹುಮಂದಿ ಎರಡು ವರ್ಷ ಹಗಲಿರುಳು ಇದನ್ನೇ ಓದಿದವರು. ಕನ್ನಡದ ಪ್ರಶ್ನೆಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಷ್ಟೇ ದೊರೆಯುವುದೆಂಬುದನ್ನೂ ಹೊರನಾಡಿನವರು ನೆನಪಿಡಬೇಕು.

ವಯಸ್ಸಿನ ಲೆಕ್ಕವನ್ನೂ ಹಾಕಬೇಕು. ಇಪ್ಪತ್ತೊಂದಕ್ಕೆ ಬಿ.ಕಾಂ. ಮುಗಿಸಿದವಳು ವಿಜ್ಞಾನ ವಿಷಯಗಳಿಗೂ ನೀಟ್ ತಯಾರಿಗೂ ಎರಡು ವರ್ಷ ಕೊಟ್ಟರೆ ಇಪ್ಪತ್ಮೂರು. ಇಂಟರ್ನ್‌ಶಿಪ್ ಸೇರಿ ಎಂ.ಬಿ.ಬಿ.ಎಸ್.ಗೆ ಐದೂವರೆ ವರ್ಷ. ಸ್ನಾತಕೋತ್ತರಕ್ಕೆ ಮತ್ತೆ ಮೂರು. ಎಲ್ಲವೂ ಸುಸೂತ್ರವಾಗಿ ನಡೆದರೂ ತಜ್ಞ ವೈದ್ಯೆಯಾಗುವ ಹೊತ್ತಿಗೆ ಮೂವತ್ತು ದಾಟಿರುತ್ತದೆ. ಅಷ್ಟರಲ್ಲಿ ತಂದೆಗೆ ನಿವೃತ್ತಿಯಾಗಿರುತ್ತದೆ. ಈ ಲೆಕ್ಕವನ್ನು ಮನೆಯವರೆಲ್ಲ ಕುಳಿತು ಮೊದಲೇ ಮಾಡುವುದು ಲೇಸು.

ಇನ್ನೊಂದು ತೊಡಕು ಹೊರನಾಡ ಕನ್ನಡಿಗರಿಗೇ ವಿಶೇಷವಾದುದು. ತೆಲಂಗಾಣದ ನಿಯಮದಂತೆ, ಹನ್ನೆರಡನೆಯ ತರಗತಿಯವರೆಗೆ ಸತತ ನಾಲ್ಕು ವರ್ಷ ಇಲ್ಲಿಯೇ ಓದಿದವರು ‘ಸ್ಥಳೀಯ’ ಅಭ್ಯರ್ಥಿಗಳು. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ನಿಯಮವನ್ನು ಎತ್ತಿಹಿಡಿಯಿತು. ಖರ್ಚು ಕಡಿಮೆಯೆಂದು ಪಿ.ಯು.ಸಿ.ಗಾಗಿ ಮಗುವನ್ನು ಕಲಬುರಗಿಯ ಅಜ್ಜನ ಮನೆಗೆ ಕಳುಹಿಸಿದವರು, ತಿಳಿಯದೆಯೇ ಆ ಹಕ್ಕಿಗೆ ಎರವಾಗಬಹುದು. ಇತ್ತ ತೆಲಂಗಾಣದಲ್ಲೂ ಅಲ್ಲ, ಅತ್ತ ಕರ್ನಾಟಕದಲ್ಲೂ ಅಲ್ಲ ಎಂಬ ತ್ರಿಶಂಕು ಸ್ಥಿತಿ ಒದಗಬಾರದಾದರೆ, ಶುಲ್ಕ ಕಟ್ಟುವ ಮುನ್ನ ವ್ಯಾಸಂಗ ಪ್ರಮಾಣಪತ್ರಗಳನ್ನು ಪರಿಶೀಲಿಸಿಕೊಳ್ಳುವುದು ಅಗತ್ಯ.

ಈ ಹಂಬಲವನ್ನೇ ಬಂಡವಾಳ ಮಾಡಿಕೊಂಡ ದಲ್ಲಾಳಿಗಳೂ ಇದ್ದಾರೆ. ನೀಟ್ ಬೇಡ, ವಿದೇಶದಲ್ಲಿ ಸೀಟು ಕೊಡಿಸುತ್ತೇವೆ ಎನ್ನುವವರ ಮಾತು ನಂಬತಕ್ಕದ್ದಲ್ಲ. ವಿದೇಶದಲ್ಲಿ ಓದಿ ಭಾರತದಲ್ಲಿ ವೃತ್ತಿ ನಡೆಸಬೇಕೆನ್ನುವವರಿಗೂ ನೀಟ್ ಅರ್ಹತೆ ಕಡ್ಡಾಯ. ಊರಿನ ಎರಡೆಕರೆ ಹೊಲವನ್ನು ಮಾರಿ ಇಂಥವರ ಕೈಗೆ ಹಣವಿತ್ತರೆ, ಹೊಲವೂ ಇಲ್ಲ, ಪದವಿಯೂ ಇಲ್ಲ ಎಂಬಂತಾದೀತು.

ಹಾಗಾದರೆ ಮಾಡಬೇಕಾದುದೇನು? ಹಂಬಲವುಳ್ಳವರು ಇರುವ ಕೆಲಸವನ್ನು ಬಿಡುವ ಮೊದಲು ಆರು ತಿಂಗಳು ಹನ್ನೊಂದನೆಯ ತರಗತಿಯ ವಿಜ್ಞಾನ ಪುಸ್ತಕಗಳನ್ನು ಓದಿ ನೋಡಲಿ. ಭೌತಶಾಸ್ತ್ರದ ಲೆಕ್ಕಗಳನ್ನು ಬಿಡಿಸುವಾಗಲೂ ಉತ್ಸಾಹ ಉಳಿದರೆ ಮುಂದುವರಿಯಲಿ. ಕುಂದಿದರೆ ಅದರಲ್ಲಿ ಅವಮಾನವೇನೂ ಇಲ್ಲ. ರೋಗಿಗಳ ಸೇವೆಗೆ ಬಿಳಿಯ ಕೋಟೊಂದೇ ಸಾಧನವಲ್ಲ. ಆಸ್ಪತ್ರೆಯ ನಿರ್ವಹಣೆ, ಸಾರ್ವಜನಿಕ ಆರೋಗ್ಯ, ವೈದ್ಯಕೀಯ ಸಮಾಜಕಾರ್ಯ ಇವೆಲ್ಲಕ್ಕೂ ಸಮರ್ಥರು ಬೇಕಾಗಿದ್ದಾರೆ. ಇದೇ ನಗರದ ನಿಮ್ಸ್ ಸಂಸ್ಥೆಯಲ್ಲಿ ಆಸ್ಪತ್ರೆ ನಿರ್ವಹಣೆಯ ಸ್ನಾತಕೋತ್ತರ ಶಿಕ್ಷಣವುಂಟು.

ತಂದೆತಾಯಿಗಳ ಹೊಣೆ ಇನ್ನೂ ಹಿರಿದು. ಹತ್ತನೆಯ ತರಗತಿಯ ನಂತರದ ಆಯ್ಕೆ ಯಾವ ಬಾಗಿಲನ್ನು ತೆರೆಯುತ್ತದೆ, ಯಾವುದನ್ನು ಮುಚ್ಚುತ್ತದೆ ಎಂಬುದನ್ನು ಮಗನಿಗೂ ಮಗಳಿಗೂ ಸಮಾನವಾಗಿ ತಿಳಿಸಿ, ಅವರ ಅಭಿಪ್ರಾಯ ಕೇಳಬೇಕು. ಕನ್ನಡ ಸಂಘಗಳೂ ರಾಜ್ಯೋತ್ಸವದ ಸಂಭ್ರಮದ ಜೊತೆಗೆ, ಪ್ರತಿವರ್ಷ ಫಲಿತಾಂಶದ ವೇಳೆಗೆ ಒಂದು ಮಾರ್ಗದರ್ಶನ ಶಿಬಿರ ನಡೆಸುವುದು ಉಚಿತ. ಈ ನಗರದ ಕನ್ನಡಿಗ ವೈದ್ಯರು ಅಂದು ಎರಡು ಗಂಟೆ ಬಿಡುವು ಮಾಡಿಕೊಂಡು ಬಂದರೆ ಸಾಕು. ತಡವಾಗಿ ಎಚ್ಚೆತ್ತ ಹಂಬಲಕ್ಕೆ ಕುಹಕದ ಬದಲು ಸರಿಯಾದ ಮಾಹಿತಿ ದೊರೆತೀತು.