ಕೌಂಟರ್ ತೆರೆಯುವ ಮೊದಲೇ ಟಿಕೆಟ್ ಎಲ್ಲಿಗೆ ಹೋಯಿತು?

ಕೆಂಗೇರಿಯಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಕಬ್ಬನ್ ಪಾರ್ಕಿನಲ್ಲಿ ಇಳಿಯಬಹುದು. ಚಿನ್ನಸ್ವಾಮಿ ಕ್ರೀಡಾಂಗಣ ಅಲ್ಲೇ ಪಕ್ಕ. ಆದರೆ ಒಳಗೆ ಹೋಗುವುದು ಹೇಗೆ? ಅದನ್ನು ಮಾತ್ರ ಕೇಳಬೇಡಿ! ಕಾಮಾಕ್ಷಿಪಾಳ್ಯದ ಲೇತ್ ಶಾಪಿನ ಹುಡುಗ ಕೆಲಸ ಬಿಟ್ಟು ಮೊಬೈಲ್ ಒತ್ತುತ್ತಾ ಕೂತರೆ ಸಿಗುವ ಉತ್ತರ ಒಂದೇ, ‘ಎಲ್ಲಾ ಮುಗಿದಿದೆ’. ಅದೇ ಸಂಜೆ ಅದೇ ಸ್ಟ್ಯಾಂಡಿನ ಟಿಕೆಟ್ ವಾಟ್ಸಾಪಿನಲ್ಲಿ ಮೂರು ಪಟ್ಟು, ನಾಲ್ಕು ಪಟ್ಟು ಬೆಲೆಗೆ ಹಾಜರ್! ಮುಗಿದದ್ದು ಮತ್ತೆ ಹೇಗೆ ಹುಟ್ಟಿತು ಸ್ವಾಮಿ?

ಬ್ಲ್ಯಾಕ್ ಟಿಕೆಟ್ ನಮಗೇನು ಹೊಸದಲ್ಲ. ತೊಂಬತ್ತರ ದಶಕದಲ್ಲಿ ರಾಜಾಜಿನಗರ, ಮಾಗಡಿ ರಸ್ತೆಯ ಥಿಯೇಟರುಗಳ ಮುಂದೆ ‘ಹತ್ತು ಮೂವತ್ತು, ಹತ್ತು ಮೂವತ್ತು’ ಎಂದು ಗೊಣಗುತ್ತಾ ಓಡಾಡುವವರನ್ನು ನೋಡಿಯೇ ನಾವು ಬೆಳೆದದ್ದು. ಆದರೆ ಅವನು ಕ್ಯೂನಲ್ಲಿ ಗುದ್ದಾಡಿ ಹತ್ತೋ ಇಪ್ಪತ್ತೋ ಟಿಕೆಟ್ ಕೀಳುತ್ತಿದ್ದ, ಪೊಲೀಸರ ಲಾಠಿ ರುಚಿಯನ್ನೂ ನೋಡುತ್ತಿದ್ದ. ಚೌಕಾಸಿ ಮಾಡಬಹುದಿತ್ತು, ಬೈಯಲೂಬಹುದಿತ್ತು. ಸಿನಿಮಾ ಶುರುವಾದರೆ ಅಸಲಿಗೇ ಕೈಗೆ ತುರುಕಿ ಹೋಗುತ್ತಿದ್ದ! ಇಂದಿನವನಿಗೆ ಮುಖವೇ ಇಲ್ಲ. ಹತ್ತಾರು ಹೆಸರಿನ ಖಾತೆಗಳು, ಮನುಷ್ಯರ ಬೆರಳಿಗಿಂತ ವೇಗವಾಗಿ ಬುಕ್ ಮಾಡುವ ಸಾಫ್ಟ್‌ವೇರು. ಒಂದೇ ಕ್ಯೂಆರ್ ಕೋಡನ್ನು ಐದು ಜನಕ್ಕೆ ಮಾರಿದರೆ ಗೇಟಿಗೆ ಮೊದಲು ಬಂದವನು ಒಳಗೆ, ಉಳಿದ ನಾಲ್ವರು ಬೀದಿಯಲ್ಲಿ.

2024ರ ಸೆಪ್ಟೆಂಬರಿನಲ್ಲಿ ಮುಂಬೈಯ ಕೋಲ್ಡ್‌ಪ್ಲೇ ಕಚೇರಿಗೆ 2,500ರಿಂದ 35,000 ರೂಪಾಯಿವರೆಗೆ ಇದ್ದ ಟಿಕೆಟ್ ನೋಡನೋಡುತ್ತಲೇ ಲಕ್ಷಗಳಿಗೆ ಏರಿತು. ಮರುತಿಂಗಳೇ ಜಾರಿ ನಿರ್ದೇಶನಾಲಯ ದಾಳಿ ಮಾಡಿದ ಊರುಗಳಲ್ಲಿ ನಮ್ಮ ಬೆಂಗಳೂರೂ ಇತ್ತು! ಇನ್‌ಸ್ಟಾಗ್ರಾಂ, ವಾಟ್ಸಾಪ್, ಟೆಲಿಗ್ರಾಂಗಳಲ್ಲಿ ನಕಲಿ ಟಿಕೆಟ್ ಕೂಡ ಮಾರುವವರಿದ್ದಾರೆ ಎಂದು ಅವರೇ ಹೇಳಿದರು. ಐಪಿಎಲ್ ಕಾಲದಲ್ಲಿ ಇಲ್ಲಿಯ ಪೊಲೀಸರೂ ಒಂದಿಷ್ಟು ಜನರನ್ನು ಹಿಡಿದು ಫೋಟೋ ತೆಗೆಸುತ್ತಾರೆ. ಸರಿ, ಅವರ ಕೈಗೆ ಕಟ್ಟುಗಟ್ಟಲೆ ಟಿಕೆಟ್ ಕೊಟ್ಟ ಮಹಾಶಯ ಯಾರು? ಆ ಫೋಟೋ ಎಲ್ಲಿ?

ನಾನು ಪ್ರೆಸ್ಸಿನವನು. ಬಡಾವಣೆಯ ನಾಟಕಕ್ಕೆ ಐನೂರು ಟಿಕೆಟ್ ಅಚ್ಚು ಹಾಕಿದರೂ ನಂಬರಿಂಗ್ ಮೆಷಿನ್‌ನಲ್ಲಿ ಒಂದರಿಂದ ಐನೂರರವರೆಗೆ ನಂಬರು ಬೀಳುತ್ತದೆ. ಹರಿದು ಕೊಟ್ಟ ಮೇಲೆ ಪುಸ್ತಕದಲ್ಲಿ ಅರ್ಧ ಉಳಿಯುತ್ತದೆ. ಮಾರಿದ್ದೆಷ್ಟು, ಎಮ್ಮೆಲ್ಲೆ ಕಡೆಯವರಿಗೆ ಪುಕ್ಕಟೆ ಹೋದದ್ದೆಷ್ಟು, ರಾತ್ರಿ ಕೂತು ಎಣಿಸಿದರೆ ಗೊತ್ತಾಗುತ್ತದೆ. ಕಂಪ್ಯೂಟರಿನಲ್ಲಿ ಈ ಲೆಕ್ಕ ತೆಗೆಯಲು ಒಂದು ನಿಮಿಷ ಸಾಕು. ಹಾಗಾದರೆ ಜನರ ಮುಂದೆ ಯಾಕೆ ಇಡುವುದಿಲ್ಲ? ಕ್ಲಬ್ಬಿನ ಸದಸ್ಯರಿಗೆಷ್ಟು, ಪ್ರಾಯೋಜಕರಿಗೆಷ್ಟು, ಅಧಿಕಾರಿಗಳ ಮನೆಗೆಷ್ಟು, ಕೊನೆಗೆ ಸಾಮಾನ್ಯನಿಗೆ ಎಷ್ಟು?

ಈ ಲೆಕ್ಕ ಬರೀ ದುಡ್ಡಿನದಲ್ಲ. 2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವಕ್ಕೆ ಉಚಿತ ಪಾಸ್ ಎಂದರು, ಪ್ರವೇಶ ಸೀಮಿತ ಎಂದೂ ಅಂದರು. ಯಾರಿಗೆ ಪಾಸು, ಯಾರಿಗಿಲ್ಲ ಎಂಬ ಗೊಂದಲದಲ್ಲಿ ಲಕ್ಷಾಂತರ ಜನ ಸೇರಿದರು. ಗೇಟುಗಳ ಹೊರಗೆ 11 ಜನ ಸತ್ತರು. ಹೆಚ್ಚಿನವರು ನಿಮ್ಮ ವಯಸ್ಸಿನವರೇ.

ಐರ್ಲೆಂಡ್ 2021ರಲ್ಲೇ ದೊಡ್ಡ ಕಾರ್ಯಕ್ರಮಗಳ ಟಿಕೆಟ್ಟನ್ನು ಮುದ್ರಿತ ಬೆಲೆಗಿಂತ ಹೆಚ್ಚಿಗೆ ಮರುಮಾರಾಟ ಮಾಡುವುದನ್ನು ಕಾನೂನಿನಿಂದ ನಿಷೇಧಿಸಿತು. ಜಪಾನಿನಲ್ಲಿ ಇಂಥ ದಂಧೆಗೆ 2019ರಿಂದ ಜೈಲು. ನಮ್ಮ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಸಿನಿಮಾ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟಿನಲ್ಲಿ ತಡೆ ಬಿತ್ತು. ಕ್ರಿಕೆಟ್ಟು, ಸಂಗೀತದ ವಿಷಯದಲ್ಲಿ ಅಷ್ಟೂ ಇಲ್ಲ!

ಹುಡುಗರೇ, ನಿಮಗೂ ಒಂದು ಮಾತು. ಐದು ಸಾವಿರಕ್ಕೆ ಬ್ಲ್ಯಾಕ್‌ನಲ್ಲಿ ಕೊಂಡು ಸ್ಟೇಟಸ್ಸಿಗೆ ಹಾಕಿ ಬೀಗುತ್ತೀರಲ್ಲ, ಮುಂದಿನ ಪಂದ್ಯಕ್ಕೆ ಅವನು ಎಂಟು ಸಾವಿರ ಕೇಳುವುದು ಅದೇ ಧೈರ್ಯದಿಂದ. ಕೊಳ್ಳಬೇಡಿ. ಒಂದು ಪಂದ್ಯ ಟೀವಿಯಲ್ಲಿ ನೋಡಿದರೆ ಆಕಾಶ ಬೀಳುವುದಿಲ್ಲ. ಮಾರಾಟಕ್ಕೆ ಮೊದಲೇ ಟಿಕೆಟ್ ಹಂಚಿಕೆಯ ಪಟ್ಟಿ ಕನ್ನಡದಲ್ಲಿ ಪ್ರಕಟವಾಗಲಿ, ಬೆಲೆ ಮೀರಿದ ಮರುಮಾರಾಟಕ್ಕೆ ಶಿಕ್ಷೆಯಾಗಲಿ ಎಂದು ಕ್ರೀಡಾ ಸಚಿವರಿಗೆ ಮನವಿ ಬರೆಯಿರಿ. ವಿಜಯನಗರ, ಬಸವೇಶ್ವರನಗರದ ಸಂಘಗಳು ಸಹಿ ಸಂಗ್ರಹಿಸಲು ಮುಂದೆ ಬಂದರೆ ಮನವಿ ಪತ್ರಗಳನ್ನು ನನ್ನ ಪ್ರೆಸ್ಸಿನಲ್ಲೇ ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ. ಕಾಗದವೂ ನನ್ನದೇ.