ದಂಡಿ ಮ್ಯಾಲ ಅರಿವಿ ಕಾಯೋರು ಕಡಲು ಕಾಯೋದು ಯಾವಾಗ?



ನಾಕು ದಿನದಿಂದ ಒಂದು ಫಾರ್ವರ್ಡ್ ಓಡಾಡ್ತಾ ಇದೆ. ಕೆಂಪು-ಹಳದಿ ಬಟ್ಟೆ ತೊಟ್ಟು ಕಡಲದಂಡೆಯಲ್ಲಿ ನಿಂತ ವಿದೇಶಿ ಹೆಣ್ಣುಮಗಳ ಫೋಟೋ, ತಲೆ ಪೂರ್ತಿ ಬೆಳ್ಳಗೆ. ಕೆಳಗೆ ಕನ್ನಡದಾಗ ಜೋಕು: "ಈ ಅಜ್ಜಿನ್ನ ಎಳಿಯಾಕ ಇನ್ನೊಬ್ಬ ಲೈಫ್‌ಗಾರ್ಡ್ ಬೇಕು." ನಮ್ಮ ಆಫೀಸಿನ ಗ್ರೂಪಿಗೂ ಬಂತು, ಚಳವಳಿಯ ಗ್ರೂಪಿಗೂ ಬಂತು. ಆಫೀಸಿನವರು ನಕ್ಕಿದ್ದು ನನಗೆ ಆಶ್ಚರ್ಯ ಅಲ್ಲ. ನಮ್ಮವರು ನಕ್ಕರಲ್ಲ, ಅದಕ್ಕೇ ಇಷ್ಟುದ್ದ ಬರೀತಾ ಇದ್ದೀನಿ.

ಆ ಕೆಂಪು-ಹಳದಿ ಆಸ್ಟ್ರೇಲಿಯಾದ ಜೀವರಕ್ಷಕ ದಳಗಳ ಬಣ್ಣ. ಅಲ್ಲಿ ಹೆಣ್ಣುಮಕ್ಕಳಿಗೆ ಕಡಲು ಕಾಯುವ ಪೂರ್ಣ ಹಕ್ಕು ಸಿಕ್ಕಿದ್ದು 1980ರಲ್ಲಿ. ಎರಡನೇ ಮಹಾಯುದ್ಧಕ್ಕೆ ಗಂಡಸರು ಹೋದಾಗ ದಂಡೆ ಕಾಯಲಿಕ್ಕೆ ಹೆಂಗಸರು ಬೇಕಾಗಿದ್ದರು, ಯುದ್ಧ ಮುಗಿದ ಮೇಲೆ ಬೇಡಾದರು. 1980ರಲ್ಲಿ ಹದಿನೆಂಟಕ್ಕೆ ಸೇರಿದವಳಿಗೆ ಈಗ ಅರವತ್ತು ದಾಟಿರುತ್ತದೆ. ನೀವು ನಕ್ಕಿದ್ದು ನಲವತ್ತು ವರ್ಷದ ಸರ್ವಿಸಿಗೆ. ದಿನಾ ಸೇವಾ ಪುಸ್ತಕ ತಿರುವಿ ಹಾಕೋ ಗುಮಾಸ್ತೆ ನಾನು, ನಲವತ್ತು ವರ್ಷ ಅಂದರೆ ಏನಂತ ನನಗೆ ಗೊತ್ತು.

ಲೈಫ್‌ಗಾರ್ಡ್ ಅಂದರೆ ಪೈಲ್ವಾನ ಅಂತ ತಿಳಿದೀರಿ. ಮುಳುಗೋ ಮನುಷ್ಯ ಸಿನಿಮಾದಾಗ ಕೂಗಿದಂಗ ಕೂಗೋದಿಲ್ಲ. ಬಾಯಿ ನೀರ ಮಟ್ಟಕ್ಕೆ ಬಂದಿರತೈತಿ, ಉಸಿರಿಗೇ ಜಾಗ ಇಲ್ಲ, ಕೂಗಾಕ ಎಲ್ಲಿಂದ ಬರಬೇಕು? ನಿಮಿಷದೊಳಗ ಮುಗಿದು ಹೋಗ್ತದ. ಅದನ್ನ ದೂರದಿಂದ ಗುರುತಿಸೋ ಕಣ್ಣು ಬೇಕು. ಅಲೆ ಒಡೆಯದೆ ನೀರು ಸಪ್ಪಗೆ ಕಾಣೋ ಜಾಗದಲ್ಲೇ ಒಳಸೆಳೆತ ಇರಬಹುದು ಅಂತ ಅರಿತು, ಜನ ಇಳಿಯೋ ಮೊದಲೇ ಸೀಟಿ ಊದಬೇಕು. ನೀರಿಗೆ ಬಿದ್ದರೂ ಎಳೆಯೋದು ಬರೀ ತೋಳಲ್ಲ, ತೇಲುವ ಟ್ಯೂಬು ಇರತೈತಿ. ಸೆಳೆತಕ್ಕೆ ಎದುರಾಗಿ ಈಸಿದರೆ ಪೈಲ್ವಾನನೂ ಸೋಲ್ತಾನೆ, ಅಡ್ಡಕ್ಕೆ ಈಸಿ ಹೊರಗೆ ಬರಬೇಕು. ಇದೆಲ್ಲಾ ವರ್ಷಗಟ್ಟಲೆ ನೀರು ನೋಡಿದವರಿಗೆ ಬರೋ ವಿದ್ಯೆ. ಬಿಳಿ ಕೂದಲು ಇಲ್ಲಿ ಅರ್ಹತೆ.

ಈಗ ನಮ್ಮ ಕಡಲಿಗೆ ಬರ್ರಿ. 2024ರ ಡಿಸೆಂಬರ್ 10, ಮುರುಡೇಶ್ವರ. ಕೋಲಾರ ಜಿಲ್ಲೆ ಮುಳಬಾಗಿಲು ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಿಂದ ಪ್ರವಾಸ ಬಂದ ಮಕ್ಕಳು ನೀರಿಗಿಳಿದರು. ನಾಲ್ಕು ಹುಡುಗಿಯರು ಹೆಣವಾಗಿ ಬಂದರು. ಸರ್ಕಾರ ತಲಾ 5 ಲಕ್ಷ ಘೋಷಿಸಿತು, ಶಿಕ್ಷಕರ ಬಂಧನವಾಯಿತು, ಫೈಲು ಮುಂದಕ್ಕೆ ಹೋಯಿತು. ಇಂಥ ವಸತಿ ಶಾಲೆಗಳಲ್ಲಿ ಯಾರ ಮಕ್ಕಳು ಓದ್ತಾರೆ? ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತ ಬಡವರು. ಬಯಲುಸೀಮೆಯ ಈ ಮಕ್ಕಳು ಕಡಲು ನೋಡೋದೇ ಶಾಲೆ ಪ್ರವಾಸದಾಗ. ಸಮುದ್ರ ತೋರಿಸೋ ಬಜೆಟ್ ಐತಿ, ಈಸು ಕಲಿಸೋ ಬಜೆಟ್ ಇಲ್ಲ. ಆ ದಂಡೆಯಲ್ಲಿ ಹುಡುಗಿಯರ ಗುಂಪಿನೊಳಗೆ ನುಗ್ಗಿ, ಕೈ ಹಿಡಿದು "ಇಳಿಬ್ಯಾಡ್ರಿ ತಂಗಿ" ಅನ್ನೋ ಒಬ್ಬ ಅಕ್ಕ ಸಮವಸ್ತ್ರದಲ್ಲಿ ಇರಬೇಕು ಅಂತ ನಾನು ಕೇಳಿದರೆ ಅದು ಜೋಕಾ?

"ಹೆಣ್ಣುಮಕ್ಕಳೇ ಮುಂದೆ ಬರೋದಿಲ್ಲ" ಅಂತೀರಿ. ಎಲ್ಲಿಂದ ಬರಬೇಕು? ನಮ್ಮ ಕಡೆ ಗಂಡುಹುಡುಗರು ಬೆನ್ನಿಗೆ ಒಣಗಿದ ಕುಂಬಳಬುರುಡೆ ಕಟ್ಟಿಕೊಂಡು ಬಾವಿಗೆ ಹಾರಿ ಕಲಿತರು. ಬಾವಿ ಯಾರದ್ದು? ಹೊಲ ಇದ್ದವರದ್ದು. ಕೇರಿ ಹುಡುಗರು ಅದಕ್ಕೆ ಇಳಿಯಂಗಿರಲಿಲ್ಲ, ಹಳ್ಳದ ಮಡುವಿಗೆ ಹೋದರು. ಅಲ್ಲಿಗೆ ನಮ್ಮಣ್ಣ ಹೋದ, ನಾನೂ ಹೋದೆ. ಅವ ಈಸು ಕಲಿತ, ನಾ ದಂಡಿ ಮ್ಯಾಲ ಅವನ ಅರಿವಿ ಕಾಯ್ಕೊಂತ ಕುಂತೆ. ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಬಟ್ಟೆ ಒಗೆಯೋ ಅವ್ವಂದಿರನ್ನ ನೋಡ್ರಿ, ಮೊಣಕಾಲಮಟ ನೀರಾಗ ದಿನಾ ನಿಲ್ತಾರ. ಎದಿಮಟ ನೀರಿಗೆ ಇಳಿಸಿದರ ಎಷ್ಟು ಮಂದಿ ತೇಲ್ಯಾರು?

ಇದು ಹಣೆಬರಹ ಅಲ್ಲ, ಮಾಡಿಟ್ಟ ವ್ಯವಸ್ಥೆ. ಸಾರ್ವಜನಿಕ ಹಣದ ಕೆರೆ-ಬಾವಿ ಅಸ್ಪೃಶ್ಯರಿಗೆ ಮುಕ್ತ ಎಂದು ಮುಂಬಯಿ ಶಾಸನ ಸಭೆ ಬೋಲೆ ಅವರ ಠರಾವು ಒಪ್ಪಿದ್ದು 1923ರಲ್ಲಿ. ನಮ್ಮ ಬಾಗಲಕೋಟೆ ಆಗ ಅದೇ ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲಿತ್ತು, ಅಂದರೆ ಆ ಠರಾವು ನಮ್ಮದೂ ಹೌದು. ಆದರೂ 1927ರ ಮಾರ್ಚ್ 20ಕ್ಕೆ ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದ್ದಕ್ಕೆ ಸಗಣಿ-ಗಂಜಲ ಸುರಿದು ಕೆರೆ "ಶುದ್ಧ" ಮಾಡಿದರು. 1964ರಲ್ಲಿ ಅಮೆರಿಕದ ಸೇಂಟ್ ಅಗಸ್ಟೀನ್‌ನಲ್ಲಿ ಮೋಟೆಲ್ ಒಂದರ ಈಜುಕೊಳಕ್ಕೆ ಕಪ್ಪು ಜನ ಇಳಿದಾಗ ಮಾಲೀಕ ಆಸಿಡ್ ಸುರಿದ. ಅಲ್ಲಿ ಕಪ್ಪು ಮಕ್ಕಳೇ ಹೆಚ್ಚು ಮುಳುಗಿ ಸಾಯ್ತಾರೆ ಅಂತ ಅವರ ಸರ್ಕಾರದ ಲೆಕ್ಕವೇ ಹೇಳ್ತದೆ. ನಮ್ಮಲ್ಲಿ ಮುಳುಗಿ ಸತ್ತವರ ಜಾತಿ ಯಾರು ಬರೀತಾರೆ?

ಸಮುದ್ರ ನಮಗೆ ದೂರ, ನೀರು ದೂರ ಇಲ್ಲ. ಆಲಮಟ್ಟಿ ಹಿನ್ನೀರು ಹಳೇ ಬಾಗಲಕೋಟೆಯನ್ನೇ ನುಂಗಿದೆ. 2009ರಲ್ಲಿ, 2019ರಲ್ಲಿ ಮಲಪ್ರಭೆ ಬಾದಾಮಿ, ಹುನಗುಂದ ತಾಲೂಕಿನ ಹಳ್ಳಿಗಳಿಗೆ ನುಗ್ಗಿದಳು. ಇಳಕಲ್ಲಿನ ಗ್ರಾನೈಟ್ ಕ್ವಾರಿ ಗುಂಡಿಗಳು ಮಳೆಗಾಲಕ್ಕೆ ತುಂಬ್ತಾವ. 2004ರ ಸುನಾಮಿಯಲ್ಲಿ ತಮಿಳುನಾಡಿನ ಕಡಲೂರಿನಲ್ಲಿ ಗಂಡಸರಿಗಿಂತ ಹೆಂಗಸರೇ ಬಹಳ ಹೆಚ್ಚು ಸತ್ತರು. ಈಸು ಬಾರದ್ದು, ಕಂಕುಳಲ್ಲಿ ಕೂಸು, ಕಾಲಿಗೆ ತೊಡರೋ ಸೀರೆ. ಇಳಕಲ್ ಸೀರೆ ನಮ್ಮ ಹೆಮ್ಮೆ, ಸರಿ. ಪ್ರವಾಹದ ನೀರಿಗೆ ಆ ಹೆಮ್ಮೆ ಗೊತ್ತಾಗೋದಿಲ್ಲ.

ನೌಕರಿಯ ಮಾತು. ನಮ್ಮ ಕರಾವಳಿಯಲ್ಲಿ ಲೈಫ್‌ಗಾರ್ಡ್ ಅಂದರೆ ಗುತ್ತಿಗೆ ಕೆಲಸ. ಮೀನುಗಾರರ ಮಕ್ಕಳು ಪ್ರಾಣ ಒತ್ತೆಯಿಟ್ಟು ಪ್ರವಾಸಿಗರನ್ನ ಉಳಿಸ್ತಾರೆ, ಖಾಯಂ ಆಗುವ ಭರವಸೆ ಇಲ್ಲ. ಅವರ ಜೊತೆ ನಮ್ಮ ಜಗಳ ಇಲ್ಲ, ಅವರ ಖಾಯಮಾತಿಗೂ ನಾವು ಕೂಗಬೇಕು. ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಿ, ಮಹಿಳೆಯರಿಗೆ ಶೇ. 33 ಕೊಡಿ ಎಂದು 2024ರ ಮೇ ತಿಂಗಳಲ್ಲಿ ಸರ್ಕಾರವೇ ಹೇಳಿದೆ. ಆದರೆ 20ಕ್ಕಿಂತ ಕಡಿಮೆ ಹುದ್ದೆ ಇದ್ದರೆ ಅದು ಅನ್ವಯ ಇಲ್ಲ. (ಫೈಲು ಹೊತ್ತವಳಿಗೆ ಗೊತ್ತು, ಹುದ್ದೆ ತುಂಡು ಮಾಡೋದು ಎಷ್ಟೊತ್ತಿನ ಕೆಲಸ ಅಂತ.) ಇಲ್ಲಿಂದ ಎರಡು ತಿಂಗಳ ಗುತ್ತಿಗೆಗೆ ಹೋದ ಹುಡುಗಿ ಮೂರನೇ ತಿಂಗಳು ಮನೆಗೆ ಬಂದರೆ, ಅವಳ ತಲೆ ಕಡಲದಂಡೆಯಲ್ಲಿ ಬೆಳ್ಳಗಾಗೋದು ಹೆಂಗ?

ಅದಕ್ಕೇ ಮನವಿ ಪತ್ರ ಟೈಪ್ ಮಾಡಿದ್ದೀನಿ. ಪರಿಶಿಷ್ಟರ ಉಪಯೋಜನೆಯ ಹಣದಲ್ಲಿ ವಸತಿ ಶಾಲೆಯ ಹುಡುಗಿಯರಿಗೆ ಈಸು ಕಲಿಸಬೇಕು, ಕಲಿಸೋರು ಹೆಣ್ಣುಮಕ್ಕಳೇ ಇರಬೇಕು. ಕಲಿತವರಿಗೆ ಜೀವರಕ್ಷಣೆಯ ತರಬೇತಿ, ಕರಾವಳಿಯ ಎಲ್ಲಾ ಲೈಫ್‌ಗಾರ್ಡ್ ಹುದ್ದೆಗಳನ್ನ ಒಂದೇ ಲೆಕ್ಕದಲ್ಲಿ ಸೇರಿಸಿ ಮೀಸಲಾತಿ, ಅರವತ್ತರವರೆಗೆ ಸರ್ವಿಸು. ಜುಲೈ 25 ವಿಶ್ವಸಂಸ್ಥೆಯ ಮುಳುಗುಸಾವು ತಡೆ ದಿನ, ಅವತ್ತು ಜಿಲ್ಲಾಧಿಕಾರಿ ಕಚೇರಿಗೆ ಹೋಗೋಣ. ಬಾದಾಮಿ, ಹುನಗುಂದದಿಂದ ಮಂದಿ ಒಪ್ಪಿದ್ದಾರೆ. ಇಳಕಲ್ಲಿಂದ ಯಾರು ಬರ್ತೀರಿ, ಇವತ್ತೇ ತಿಳಿಸ್ರಿ. ಜೋಕು ಫಾರ್ವರ್ಡ್ ಮಾಡಿದ ಅಣ್ಣಂದಿರೂ ಬರ್ರಿ, ಬರುವಾಗ ಮನೆಯ ಹೆಣ್ಣುಮಕ್ಕಳನ್ನ ಕರ್ಕೊಂಡು ಬರ್ರಿ.